ಫೈಲಿಗೂ ಒಂದು ಪಹಣಿ ಇದೆ



ಹೊಲಕ್ಕೆ ಪಹಣಿ ಇರುವುದು ನಿಮಗೆಲ್ಲಾ ಗೊತ್ತು. ಹೊಲಕ್ಕೆ ಹೋಗದೇನೇ ಸರ್ವೆ ನಂಬರ್ ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, ಯಾರ ಹೆಸರಲ್ಲಿದೆ ಅನ್ನೋದನ್ನು ಪಹಣಿ ನೋಡಿ ಹೇಳಬಹುದು. ಕಂಪ್ಯೂಟರಿನಲ್ಲಿರುವ ಪ್ರತಿ ಫೈಲಿಗೂ ಇಂಥದ್ದೇ ಒಂದು ದಾಖಲೆ ಇರುತ್ತದೆ. ಫೈಲಿನ ಒಳಗಿರುವ ವಿಷಯ ಬೇರೆ, ಅದರ ದಾಖಲೆ ಬೇರೆ. ಫೈಲನ್ನು ತೆರೆಯದೆಯೇ ಅದು ಎಷ್ಟು ದೊಡ್ಡದು, ಕೊನೆಯ ಸಲ ಯಾವಾಗ ತಿದ್ದಿದ್ದು ಎಂದು ತಿಳಿಯಬಹುದು.

ಫೈಲುಗಳನ್ನೂ ಅವುಗಳ ದಾಖಲೆಗಳನ್ನೂ ಡಿಸ್ಕಿನಲ್ಲಿ ಜೋಡಿಸಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಎಂದು ಹೆಸರು. ಅದನ್ನು ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್ ಅಥವಾ ಲಿನಕ್ಸ್. ನಮ್ಮ ಪ್ರೋಗ್ರಾಂ ಅದನ್ನೇ ಕೇಳಬೇಕು. ಆದರೆ ಕೇಳುವ ರೀತಿ ವಿಂಡೋಸಿಗೆ ಒಂದು, ಲಿನಕ್ಸಿಗೆ ಇನ್ನೊಂದು. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರು ಕೂತಿರ್ತಾರಲ್ಲ, ಎಲ್ಲಿಗೆ ಹೇಗೆ ಬರೀಬೇಕು ಅಂತ ಅವರಿಗೆ ಗೊತ್ತು. ಪ್ರೋಗ್ರಾಮಿನಲ್ಲಿ ಆ ಕೆಲಸ ಮಾಡೋದೇ ಲೈಬ್ರರಿ. (ಪಂಚಾಯ್ತಿ ಪಕ್ಕದ ಲೈಬ್ರರಿ ಅಲ್ಲ! ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಂಡುಗಳು.)

ಪೈಥಾನ್ ಎಂಬ ಭಾಷೆಯನ್ನು ಗೈಡೋ ವಾನ್ ರಾಸಮ್ ಎಂಬುವರು 1991ರಲ್ಲಿ ಹೊರತಂದರು. ಅದರ ಜೊತೆಗೇ 'ಓಎಸ್' ಎಂಬ ಲೈಬ್ರರಿ ಬರುತ್ತದೆ, ಬೇರೆ ತರಬೇಕಾಗಿಲ್ಲ. ಮೊದಲು 'ಇಂಪೋರ್ಟ್ ಓಎಸ್' ಎಂದು ಬರೆಯಬೇಕು. (ಕಂಪ್ಯೂಟರಿನಲ್ಲಿ ಇದನ್ನೆಲ್ಲಾ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.) ಆಮೇಲೆ 'ಲಿಸ್ಟ್‌ಡಿರ್' ಎಂದರೆ ಫೋಲ್ಡರಿನಲ್ಲಿರುವ ಹೆಸರುಗಳು ಬರುತ್ತವೆ. ಓಎಸ್‌ನ ಒಳಗೇ 'ಪಾಥ್' ಎಂಬ ಭಾಗವಿದೆ. ಅದರಲ್ಲಿ 'ಗೆಟ್‌ಸೈಜ್' ಗಾತ್ರ ಹೇಳುತ್ತದೆ, 'ಗೆಟ್‌ಎಂಟೈಮ್' ಕೊನೆಗೆ ತಿದ್ದಿದ ಸಮಯ ಹೇಳುತ್ತದೆ.

ನಾನು ಒಂದು ಫೈಲಿನಲ್ಲಿ 'ಕನ್ನಡ' ಅಂತ ಒಂದೇ ಪದ ಬರೆದು ಗಾತ್ರ ಕೇಳಿದೆ. 15 ಬೈಟ್ ಎಂದು ಬಂತು! ಮೂರಕ್ಷರಕ್ಕೆ 15 ಹೇಗೆ? ಕ, ನ, ಒತ್ತಕ್ಷರ ಮಾಡುವ ಚಿಹ್ನೆ, ಇನ್ನೊಂದು ನ, ಡ, ಹೀಗೆ ಕಂಪ್ಯೂಟರಿಗೆ ಅದು 5 ಚಿಹ್ನೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಲೆಕ್ಕ ಸರಿಹೋಯಿತು. ಸಮಯ ಕೇಳಿದರೆ ಮಾತ್ರ ತಾರೀಖು ಬರಲ್ಲ, ಉದ್ದನೆಯ ಸಂಖ್ಯೆ ಬರುತ್ತದೆ. ಅದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು. ಅದನ್ನು ತಾರೀಖು ಮಾಡಿಕೊಡೋಕೆ 'ಡೇಟ್‌ಟೈಮ್' ಎಂಬ ಇನ್ನೊಂದು ಲೈಬ್ರರಿ ಇದೆ.

ಇದೆಲ್ಲಾ ಯಾಕೆ ಬೇಕು ಅಂತೀರಾ? ಹೋದ ತಿಂಗಳು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಜಾಗ ಮುಗಿದುಹೋಗಿತ್ತು. ಹಳೇ ತಾರೀಖಿನ ಫೈಲುಗಳನ್ನೆಲ್ಲ ಅಳಿಸಿಬಿಡೋಣ ಎಂದು ಮಾತಾಯಿತು. ಮೇಷ್ಟ್ರು, "ಮೊದಲು ಪಟ್ಟಿ ಮಾಡಿ ತೋರಿಸು" ಅಂದರು. ಪಟ್ಟಿ ಬಂದಾಗ ನೋಡಿದರೆ ಈ ವರ್ಷದ ಕಿರುಪರೀಕ್ಷೆಯ ಅಂಕಪಟ್ಟಿಗೆ 2009ರ ತಾರೀಖು! ಆಗ ನಾವು ಇನ್ನೂ ಹುಟ್ಟೇ ಇರಲಿಲ್ಲ. ಕಂಪ್ಯೂಟರಿನ ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಕರೆಂಟ್ ಹೋದಾಗ ಗಡಿಯಾರ ಓಡಿಸೋದು ಅದೇ. ನಮ್ಮದರಲ್ಲಿ ಅದು ಸತ್ತಿದೆ, ಹಾಗಾಗಿ ಕರೆಂಟ್ ಹೋದಾಗೆಲ್ಲ ಗಡಿಯಾರ 2009ಕ್ಕೆ ಹಿಂದೆ ಹೋಗುತ್ತದೆ. ಲೈಬ್ರರಿ ಸುಳ್ಳು ಹೇಳಲಿಲ್ಲ. ದಾಖಲೆಯಲ್ಲಿ ಏನಿತ್ತೋ ಅದನ್ನೇ ಓದಿತು. ತಾರೀಖು ನೋಡಿ ಅಳಿಸಿದ್ದರೆ ನಮ್ಮೆಲ್ಲರ ಅಂಕಗಳೂ ಹೋಗುತ್ತಿದ್ದವು.

ಗಾತ್ರಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ. ಅದಕ್ಕೇ ಗಾತ್ರದ ಪ್ರಕಾರ ಹುಡುಕಿದೆವು. ಫೋಲ್ಡರಿನ ಗಾತ್ರ ಕೇಳಿದರೆ ಒಳಗಿರೋದೆಲ್ಲ ಸೇರಿ ಬರಲ್ಲ. 'ವಾಕ್' ಎಂಬುದನ್ನು ಬಳಸಿ ಒಂದೊಂದೇ ಫೋಲ್ಡರಿನೊಳಗೆ ಹೊಕ್ಕು ಕೂಡಿಸಬೇಕು. ಹಾಗೆ ಕೂಡಿಸಿದಾಗ ಮೂರು ಫೋಲ್ಡರುಗಳಲ್ಲಿ ಮೂರು ಬೇರೆ ಹೆಸರಿನ ವಿಡಿಯೋ ಸಿಕ್ಕವು, ಗಾತ್ರ ಮಾತ್ರ ಕೊನೆಯ ಅಂಕಿವರೆಗೂ ಒಂದೇ. ಗಾತ್ರ ಒಂದೇ ಅಂದಮಾತ್ರಕ್ಕೆ ಒಳಗಿನದೂ ಒಂದೇ ಅಂತ ಹೇಳೋ ಹಾಗಿಲ್ಲ. ಮೂರನ್ನೂ ಹಾಕಿ ನೋಡಿದೆವು. ಮೂರರಲ್ಲೂ ಅದೇ ವಾರ್ಷಿಕೋತ್ಸವ, ಅದೇ ಕೋಲಾಟ. ಎರಡನ್ನು ಮೇಷ್ಟ್ರೇ ಅಳಿಸಿದರು, ಬೇಕಾದಷ್ಟು ಜಾಗ ಬಂತು.

ಸೆಲ್ ಇನ್ನೂ ಹಾಕಿಸಿಲ್ಲ. ಅಲ್ಲೀವರೆಗೆ ಕಂಪ್ಯೂಟರ್ ಆನ್ ಮಾಡಿದವರು ಏನನ್ನಾದರೂ ಸೇವ್ ಮಾಡುವ ಮುಂಚೆ ಕೆಳಗೆ ಬಲಮೂಲೆಯಲ್ಲಿರುವ ತಾರೀಖು ನೋಡಿ ಸರಿ ಮಾಡಿಕೊಳ್ಳಿ.