ಆಸ್ಪತ್ರೆ ಬಿಲ್ ಕಟ್ಟಿದರೆ ಲೆಕ್ಕ ಮುಗಿಯಿತೇ?

ಕೆಲಸದ ಜಾಗದಲ್ಲಿ ಪೆಟ್ಟು ತಿಂದವನ ಹಾಸಿಗೆ ಪಕ್ಕ ಮೊದಲು ಬಂದು ಕೂರುವುದು ಹೆಚ್ಚಾಗಿ ಮೇಸ್ತ್ರಿ, ಇಲ್ಲವೇ ಮಾಲೀಕರ ಕಡೆಯವರು. "ಬಿಲ್ಲೆಲ್ಲ ನಾವೇ ಕಟ್ಟಿದ್ದೀವಿ, ಕೈಖರ್ಚಿಗೆ ಇಷ್ಟು ಇಟ್ಟುಕೋ, ಇಲ್ಲೊಂದು ಸೈನ್ ಹಾಕು" ಎನ್ನುತ್ತಾರೆ. ಧಣಿ ದೊಡ್ಡ ಮನಸ್ಸಿನವರು ಎಂದು ಮನೆಯವರು ಕೈ ಮುಗಿಯುತ್ತಾರೆ. ಚಿಕಿತ್ಸೆಯ ಖರ್ಚೇ ಪರಿಹಾರ ಎಂಬ ನಂಬಿಕೆ ಅಷ್ಟು ಗಟ್ಟಿ.

ಕಾನೂನಿನಲ್ಲಿ ಇವು ಎರಡು ಬೇರೆ ಖಾತೆಗಳು. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯ ಪ್ರಕಾರ ಚಿಕಿತ್ಸೆಗೆ ತಗುಲಿದ ವಾಸ್ತವ ಖರ್ಚನ್ನು ಮಾಲೀಕ ಕೊಡಬೇಕು. ಅದರ ಮೇಲೆ, ದುಡಿಯುವ ಶಕ್ತಿ ಎಷ್ಟು ಹೋಯಿತೋ ಅದಕ್ಕೆ ಪರಿಹಾರ ಬೇರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಚೌಕಟ್ಟು ಹೆಚ್ಚುಕಡಿಮೆ ಅದೇ.

ಮೊತ್ತ ಮಾಲೀಕರ ಮನಸ್ಸಿಗೆ ಬಿಟ್ಟಿದ್ದು ಎನ್ನುವುದೂ ತಪ್ಪು. ಇದು ಸೂತ್ರದ ಲೆಕ್ಕ. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡು, ಆರು ಜನ ಕೆಲಸಗಾರರು, ಒಂದು ಪವರ್ ಪ್ರೆಸ್ ಎಂದಿಟ್ಟುಕೊಳ್ಳಿ. 30 ವರ್ಷದ ಆಪರೇಟರ್, ತಿಂಗಳಿಗೆ 18,000 ರೂಪಾಯಿ ಸಂಬಳ. 2024ರಲ್ಲಿ ಪ್ರೆಸ್ಸಿಗೆ ಸಿಕ್ಕಿ ಹೆಬ್ಬೆರಳು ಹೋಯಿತು. ಎಷ್ಟೇ ಸಂಬಳವಿದ್ದರೂ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000; 2020ರ ಜನವರಿಯಿಂದ ಇದ್ದ ಮಿತಿ ಅದು. ಅದರ ಶೇ. 60 ಎಂದರೆ 9,000. ವಯಸ್ಸಿಗೆ ತಕ್ಕ ಗುಣಕವನ್ನು ಕಾಯ್ದೆಯ ಪಟ್ಟಿಯೇ ಕೊಡುತ್ತದೆ, 30 ವರ್ಷಕ್ಕೆ 207.98. ಗುಣಿಸಿದರೆ 18,71,820. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟ ಎಂದು ಇನ್ನೊಂದು ಪಟ್ಟಿ ಹೇಳುತ್ತದೆ. ಅಲ್ಲಿಗೆ ಪರಿಹಾರ 5,61,546 ರೂಪಾಯಿ. ಹಾಸಿಗೆ ಪಕ್ಕದಲ್ಲಿ ಕೊಟ್ಟ ಕೈಖರ್ಚನ್ನು ಇದರ ಪಕ್ಕ ಇಟ್ಟು ನೋಡಿ. 18,000 ದುಡಿಯುವವನ ಲೆಕ್ಕವನ್ನು 15,000ಕ್ಕೆ ಕತ್ತರಿಸುವುದು ನ್ಯಾಯವೇ ಎಂದರೆ, ನನ್ನ ಮಟ್ಟಿಗೆ ಅಲ್ಲ.

ಪಟ್ಟಿಯ ಶೇಕಡಾವಾರೇ ಕೊನೆಯ ಮಾತೂ ಅಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1976ರ ಸುಮಾರಿಗೇ ಇದನ್ನು ಇತ್ಯರ್ಥ ಮಾಡಿದೆ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ಆತನ ಪಾಲಿಗೆ ನಷ್ಟ ನೂರಕ್ಕೆ ನೂರು ಎಂಬ ನಿಲುವನ್ನು ಅದು ಎತ್ತಿಹಿಡಿಯಿತು. ಪರಿಹಾರ ಅಪಘಾತದ ದಿನದಿಂದಲೇ ಸಲ್ಲಬೇಕಾದದ್ದು ಎಂದೂ ಹೇಳಿತು. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ವಿಳಂಬಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ.

ಜನರ ಬಾಯಿಯನ್ನು ಹೆಚ್ಚಾಗಿ ಮುಚ್ಚಿಸುವುದು "ತಪ್ಪು ನಂದೇ ಅಲ್ವಾ" ಎಂಬ ಅಳುಕು. ನಿದ್ದೆಗಣ್ಣಲ್ಲಿದ್ದೆ, ಗಮನ ಎಲ್ಲೋ ಇತ್ತು, ಆತುರಪಟ್ಟೆ. ಇದ್ಯಾವುದೂ ಪರಿಹಾರಕ್ಕೆ ಅಡ್ಡಿಯಲ್ಲ. ಕೆಲಸದಿಂದ, ಕೆಲಸದ ವೇಳೆ ಅಪಘಾತ ಆಯಿತೇ ಎನ್ನುವುದಷ್ಟೇ ಪ್ರಶ್ನೆ. ಎಚ್ಚರ ತಪ್ಪಿದ್ದು ಯಾರು ಎಂಬುದಲ್ಲ. ಅಡ್ಡಿಯಾಗುವುದು ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಯ ಸ್ಪಷ್ಟ ನಿಯಮವನ್ನು ಬೇಕೆಂದೇ ಮೀರಿದ್ದು, ಯಂತ್ರದ ಗಾರ್ಡನ್ನು ತಾನೇ ತೆಗೆದಿಟ್ಟಿದ್ದು. ಸಾವು ಅಥವಾ ಶಾಶ್ವತ ಪೂರ್ಣ ವೈಕಲ್ಯ ಆದರೆ ಈ ಕಾರಣಗಳನ್ನೂ ಮಾಲೀಕ ಮುಂದೊಡ್ಡುವಂತಿಲ್ಲ. ಇನ್ನು, ಪ್ರೊಡಕ್ಷನ್ ಜಾಸ್ತಿ ಬರಲಿ ಎಂದು ಸೂಪರ್‌ವೈಸರ್ ಗಾರ್ಡ್ ಬಿಚ್ಚಿಸಿದ್ದರೆ ಅದನ್ನು ಕಾರ್ಮಿಕನ ತಲೆಗೆ ಕಟ್ಟಲು ಬರುವುದಿಲ್ಲ.

"ನೀನು ಗುತ್ತಿಗೆದಾರನ ಆಳು, ಕಂಪನಿಗೂ ನಿನಗೂ ಸಂಬಂಧವಿಲ್ಲ" ಎನ್ನುವುದು ಇನ್ನೊಂದು. ತನ್ನ ವ್ಯವಹಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ ಮೂಲ ಮಾಲೀಕನೂ ಹೊಣೆ. ಅವನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ.

ಸೈನ್ ಹಾಕಿದವರು ಕೈಚೆಲ್ಲಿ ಕೂರಬೇಕಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾಯ್ದೆಯ ಕಣ್ಣಿಗೆ ಶೂನ್ಯ. ಸಾವಿನ ಪ್ರಕರಣದಲ್ಲಂತೂ ಮಾಲೀಕ ಹಣವನ್ನು ಪರಿಹಾರದ ಅರ್ಜಿ ಇತ್ಯರ್ಥ ಮಾಡುವ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು, ಅವಲಂಬಿತರಿಗೆ ಹಂಚುವುದು ಅಧಿಕಾರಿಯ ಕೆಲಸ. ಮುಂಗಡ ಎಂದು ಮೂರು ತಿಂಗಳ ಸಂಬಳದಷ್ಟನ್ನು ಕುಟುಂಬಕ್ಕೆ ನೇರವಾಗಿ ಕೊಡಲು ಅವಕಾಶವಿದೆ. ಅದನ್ನು ಬಿಟ್ಟರೆ, ಮನೆಗೆ ಬಂದು ಕೈಗಿಟ್ಟು ಹೋದ ಹಣ ಪರಿಹಾರದ ಲೆಕ್ಕಕ್ಕೆ ಸೇರದು.

ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಾಗಿ, ಸಂಬಳ 21,000 ದಾಟದಿದ್ದರೆ ದಾರಿ ಬೇರೆ, ಅದು ಇಎಸ್‌ಐ. ಆಗ ಮಾಲೀಕನಿಂದ ಪ್ರತ್ಯೇಕ ಪರಿಹಾರ ಕೇಳಲಾಗದು. "ಕೆಲಸಕ್ಕೆ ಸೇರಿ ವಾರವೂ ಆಗಿಲ್ಲ, ಇಎಸ್‌ಐ ಎಲ್ಲಿ ಸಿಗುತ್ತೆ" ಎಂಬ ಮಾತು ಕಾಯಿಲೆ ರಜೆಯ ಭತ್ಯೆಗೆ ಸರಿ, ಕೆಲಸದ ಗಾಯಕ್ಕಲ್ಲ. ಇದಕ್ಕೆ ಮೊದಲ ದಿನದಿಂದಲೇ ಹಕ್ಕು. ಕೆಲಸಕ್ಕೆ ಹೋಗಲಾಗದಷ್ಟು ದಿನ ಸಂಬಳದ ಸುಮಾರು ಶೇ. 90 ಸಿಗುತ್ತದೆ. 1923ರ ಕಾಯ್ದೆಯಲ್ಲಿ ಇದೇ ಸ್ಥಿತಿಗೆ ಇದ್ದದ್ದು ಅರ್ಧ ಸಂಬಳ.

ಗೇಟಿನ ಹೊರಗೆ ಆದದ್ದಕ್ಕೆ ಏನೂ ಇಲ್ಲ ಎಂಬುದೂ ಹಳೆಯ ಮಾತಾಯಿತು. ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟು ದಾರಿಯಲ್ಲೇ ಸತ್ತ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣದಲ್ಲಿ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕುಟುಂಬದ ಪರ ನಿಂತಿತು. ಹೊಸ ಸಂಹಿತೆಯೂ ಮನೆ–ಕೆಲಸದ ನಡುವಿನ ಪ್ರಯಾಣವನ್ನು ಒಳಗೊಂಡಿದೆ. ಸಮಯ, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಿಕೆಯಾಗಬೇಕು ಅಷ್ಟೆ.

ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲದವನಿಗೆ ಕೇಸೇ ಇಲ್ಲ ಎಂದುಕೊಳ್ಳುವವರು ಬಹಳ. ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ವಾರದ ಬಟವಾಡೆ, ಹಾಜರಿಗೆ ಕಳಿಸಿದ ವಾಟ್ಸ್ಆಪ್ ಫೋಟೊ, ಜೊತೆ ಕೆಲಸಗಾರರ ಹೇಳಿಕೆ, ಇವೆಲ್ಲ ಸಾಕ್ಷ್ಯವೇ. ಅರ್ಜಿಗೆ 1923ರ ಕಾಯ್ದೆಯಲ್ಲಿ ಎರಡು ವರ್ಷದ ಗಡುವು. ತಡಕ್ಕೆ ತಕ್ಕ ಕಾರಣ ಇದ್ದರೆ ಮನ್ನಿಸುವ ಅಧಿಕಾರವೂ ಇತ್ತು. ಆದರೆ ಕೇಸು ಬೀಳುವುದು ಹೆಚ್ಚಾಗಿ ಆಸ್ಪತ್ರೆಯ ಒಂದು ಸಾಲಿನಲ್ಲಿ. ಗಾಯ ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಕರೆತಂದವನು "ಮನೆಯಲ್ಲಿ ಬಿದ್ದ ಸಾರ್" ಎಂದುಬಿಡುತ್ತಾನೆ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣಗಳ) ರಿಜಿಸ್ಟರಿನಲ್ಲಿ ಅದೇ ದಾಖಲಾಗುತ್ತದೆ. ಪ್ರಜ್ಞೆ ಬಂದ ಕೂಡಲೇ ಆ ಸಾಲನ್ನು ಓದಿಸಿಕೊಳ್ಳಿ. ತಪ್ಪಿದ್ದರೆ ಯಾವ ಯಂತ್ರ, ಯಾವ ಸೈಟು, ಎಷ್ಟು ಗಂಟೆ ಎಂದು ಸರಿಪಡಿಸಿ ಬರೆಸಿ, ಡಿಸ್ಚಾರ್ಜ್ ಸಮ್ಮರಿಯ ನಕಲನ್ನು ಮನೆಯವರ ಕೈಗೆ ಕೊಡಿ. ಮೇಸ್ತ್ರಿಯ ಕೈಗೆ ಬೇಡ.