ಕೊಲೆಸ್ಟರಾಲ್ ಗುಳಿಗೆಗೆ ಚೀಟಿ ಯಾಕೆ ಬೇಕು?

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ರಾಜ್ಯವೇ ಗಾಬರಿಯಾಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಆ ಗಾಬರಿ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯನ್ನೂ ಬಿಡಲಿಲ್ಲ. ಜುಮಾ ನಮಾಝ್ ಮುಗಿಸಿ ಮಸೀದಿಯ ಹೊರಗೆ ಮಾತಿಗೆ ನಿಂತವರಲ್ಲಿ ಈಗಲೂ ಒಂದು ಪ್ರಶ್ನೆ ಕೇಳಿಬರುತ್ತದೆ: ತಲೆನೋವಿನ ಗುಳಿಗೆ ಕೇಳಿದರೆ ಕೊಡುತ್ತಾರೆ, ಕೊಲೆಸ್ಟರಾಲ್ ಇಳಿಸುವ ಗುಳಿಗೆಗೆ ಮಾತ್ರ ಡಾಕ್ಟರ ಚೀಟಿ ಯಾಕೆ?

ಈ ಪ್ರಶ್ನೆ ಬೇರೆ ದೇಶಗಳಲ್ಲಿ ಬಹಳ ಹಿಂದೆಯೇ ಎದ್ದಿತ್ತು. ಬ್ರಿಟನ್ 2004ರಲ್ಲಿ ಸಿಮ್ವಾಸ್ಟಾಟಿನ್ 10 ಮಿಲಿಗ್ರಾಂ ಗುಳಿಗೆಯನ್ನು ಚೀಟಿಯಿಲ್ಲದೆ, ಆದರೆ ಔಷಧ ತಜ್ಞರು ಕೇಳಿ ವಿಚಾರಿಸಿದ ಮೇಲೆ ಕೊಡಲು ಒಪ್ಪಿತು. ಜನ ಅಷ್ಟಾಗಿ ಕೊಳ್ಳಲಿಲ್ಲ. ಕೆಲವು ವರ್ಷಗಳಲ್ಲಿ ಅದು ಅಂಗಡಿಯಿಂದ ಮರೆಯಾಯಿತು. ಅಮೆರಿಕದಲ್ಲಿ ಲೋವಾಸ್ಟಾಟಿನ್ ಗುಳಿಗೆಗೆ ಇಂಥದೇ ಅನುಮತಿ ಕೇಳಿದಾಗ 2000, 2005 ಮತ್ತು 2008ರಲ್ಲಿ, ಮೂರು ಸಲವೂ ಒಪ್ಪಿಗೆ ಸಿಗಲಿಲ್ಲ. ಈ ಗುಳಿಗೆ ತನಗೆ ಬೇಕೋ ಬೇಡವೋ ಎಂಬುದನ್ನು ಕೊಳ್ಳುವವನು ತಾನೇ ಸರಿಯಾಗಿ ತೀರ್ಮಾನಿಸಲಾರ ಎಂಬುದೇ ಮುಖ್ಯ ಆತಂಕವಾಗಿತ್ತು. 2024ರಲ್ಲಿ ಅಲ್ಲಿಂದಲೇ ಇನ್ನೊಂದು ಅಧ್ಯಯನ ಬಂತು. ವಯಸ್ಸು, ಬಿಪಿ, ಕೊಲೆಸ್ಟರಾಲ್ ಪ್ರಮಾಣ, ತೆಗೆದುಕೊಳ್ಳುತ್ತಿರುವ ಬೇರೆ ಔಷಧ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ವಿಷಯದಲ್ಲಿ ಉತ್ತರವು ವೈದ್ಯರ ಅಭಿಪ್ರಾಯಕ್ಕೆ ಹೊಂದಿತು. ಚೀಟಿ ಬಿಡಬೇಕು ಎನ್ನುವವರು ಇದನ್ನು ಮುಂದಿಡುತ್ತಾರೆ. ಆದರೆ ಗಮನಿಸಿ, ಅಲ್ಲಿ ಚೀಟಿ ಹೋದರೂ ರಕ್ತ ತಪಾಸಣೆ ಉಳಿದಿದೆ.

ನಮ್ಮಲ್ಲಿ ಕಾನೂನಿನ ಪ್ರಕಾರ ಇದು ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ. 2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಚೀಟಿಯಿಲ್ಲದೆ ಕೊಡಬಹುದಾದ 16 ಔಷಧಗಳ ಕರಡು ಪಟ್ಟಿ ಪ್ರಕಟಿಸಿತು. ಪ್ಯಾರಾಸಿಟಮಾಲ್‌ನಂಥವು ಅದರಲ್ಲಿದ್ದವು, ಕೊಲೆಸ್ಟರಾಲ್ ಗುಳಿಗೆ ಇರಲಿಲ್ಲ. ಆ ಪಟ್ಟಿಯ ಔಷಧಗಳಿಗೂ ಐದು ದಿನದ ಮಿತಿ. ಕೊಲೆಸ್ಟರಾಲ್ ಗುಳಿಗೆಯಾದರೋ ವರ್ಷಗಟ್ಟಲೆ ನುಂಗುವಂಥದು.

ಕಾನೂನು ಹೀಗಿದ್ದರೂ ಪೇಟೆಯ ನಡೆ ಎಲ್ಲರಿಗೂ ಗೊತ್ತು. ಹಳೆಯ ಖಾಲಿ ಪಟ್ಟಿ ತೋರಿಸಿದರೆ ಹೊಸದು ಕೈಗೆ ಬರುತ್ತದೆ. ಅಣ್ಣನ ಪಟ್ಟಿ ತೋರಿಸಿ ತಮ್ಮನೂ ತರುತ್ತಾನೆ. ಹೀಗಾಗಿ ನಮ್ಮ ಊರುಗಳಲ್ಲಿ ಬಾಗಿಲು ತೆರೆಯಬೇಕೇ ಬೇಡವೇ ಎಂಬ ಚರ್ಚೆಗೆ ಅಷ್ಟು ಅರ್ಥವಿಲ್ಲ, ಅದು ತೆರೆದೇ ಇದೆ. ಇಲ್ಲದಿರುವುದು ತಪಾಸಣೆ.

ತಪಾಸಣೆ ಯಾಕೆಂದರೆ, ದೇಹದ ಕೊಲೆಸ್ಟರಾಲಿನ ಬಹುಪಾಲು ಊಟದಿಂದ ಬರುವುದಿಲ್ಲ, ದೇಹವೇ ತಯಾರಿಸುತ್ತದೆ. ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ಗುಳಿಗೆ ಅಲ್ಲಿಯ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಥೈರಾಯ್ಡ್ ಕಡಿಮೆಯಾದರೂ ಕೊಲೆಸ್ಟರಾಲ್ ಏರುವುದುಂಟು. ಅಂಥವರಿಗೆ ಮೊದಲು ಬೇಕಾದದ್ದು ಥೈರಾಯ್ಡಿನ ಚಿಕಿತ್ಸೆ. ಬಸುರಿಯರು, ಮೊಲೆಹಾಲುಣಿಸುವ ತಾಯಂದಿರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇನ್ನೊಂದು ಅಪಾಯ ನಮ್ಮ ಮನೆಗಳಿಗೆ ತೀರಾ ಹತ್ತಿರದ್ದು. ಗಜಕರ್ಣಕ್ಕೆಂದು ಇಟ್ರಾಕೊನಜೋಲ್ ಗುಳಿಗೆಯನ್ನು ಎಷ್ಟೋ ಜನ ತಾವೇ ಕೇಳಿ ತರುತ್ತಾರೆ. ಅದು ಸಿಮ್ವಾಸ್ಟಾಟಿನ್ ಜೊತೆ ಸೇರಲೇಬಾರದು. ಅಟೋರ್ವಾಸ್ಟಾಟಿನ್ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಕೂಡ ಹಾಗೆಯೇ. ಆಗ ಸ್ನಾಯುಗಳು ನಾಶವಾಗಿ, ಅಪರೂಪಕ್ಕೆ ಕಿಡ್ನಿಗೂ ಪೆಟ್ಟು ಬೀಳಬಹುದು. ಗುಳಿಗೆ ಶುರುವಾದ ಮೇಲೆ ಕೈಕಾಲುಗಳಲ್ಲಿ ಕಾರಣವಿಲ್ಲದ ತೀವ್ರ ನೋವು, ನಿಶ್ಶಕ್ತಿ, ಮೂತ್ರ ಕಪ್ಪುಗಂದು ಬಣ್ಣಕ್ಕೆ ತಿರುಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಓದಿ ಹೆದರಿ ಯಾರೂ ಗುಳಿಗೆ ನಿಲ್ಲಿಸಬಾರದು. ನಮ್ಮ ಹೆಚ್ಚಿನ ಚಿಂತೆಯೇ ಅದು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ಆರು ತಿಂಗಳಿಗೆ "ರಿಪೋರ್ಟ್ ನಾರ್ಮಲ್ ಬಂತಲ್ಲ" ಎಂದು ಗುಳಿಗೆ ಬಿಡುತ್ತಾರೆ. ನಾರ್ಮಲ್ ಬಂದದ್ದೇ ಗುಳಿಗೆಯಿಂದ. ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ ಹಮಾಲಿ ಮಾಡುವವನಿಗೆ ಒಂದು ಚೀಟಿಗಾಗಿ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುವುದು ಸುಲಭವಲ್ಲ. ಚೀಟಿ ಸಡಿಲವಾಗಲಿ ಎಂಬ ವಾದದಲ್ಲಿ ನ್ಯಾಯವಿದ್ದರೆ ಅದು ಇಂಥವರ ಪಾಲಿಗೆ. ಹೊಸದಾಗಿ ಶುರುಮಾಡಲು ವೈದ್ಯರು ಬೇಕು. ಶುರುವಾದದ್ದನ್ನು ಮುಂದುವರಿಸಲು ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಕು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ.

ರಮಝಾನ್‌ನಲ್ಲಿ ಹೇಗೆ ಎಂದು ಕೇಳುವವರಿದ್ದಾರೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದಿನಕ್ಕೊಮ್ಮೆ, ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳುವಂಥವು. ಇಫ್ತಾರ್ ಆದ ಮೇಲೆ ಒಂದೇ ಹೊತ್ತು ಗೊತ್ತುಮಾಡಿಕೊಂಡರೆ ಉಪವಾಸಕ್ಕೂ ಅಡ್ಡಿಯಿಲ್ಲ, ಗುಳಿಗೆಯೂ ತಪ್ಪುವುದಿಲ್ಲ. ಬಿಪಿ, ಶುಗರ್ ಗುಳಿಗೆಗಳ ಮಾತು ಬೇರೆ. ಅವುಗಳ ಹೊತ್ತನ್ನು ರಮಝಾನ್‌ಗೆ ಮೊದಲೇ ವೈದ್ಯರ ಬಳಿ ಕೇಳಿ ಹೊಂದಿಸಿಕೊಳ್ಳಬೇಕು. ಹೋಗುವಾಗ ಹಳೆಯ ರಿಪೋರ್ಟ್ ಜೊತೆಗೆ ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಗಜಕರ್ಣದ್ದು ಸೇರಿಸಿ.