ಎಂಜಿನ್‌ಗೆ ಸುಳ್ಳು ಹೇಳಿದವರು ಯಾರು?

ಗಾಡಿ ಕೆಟ್ಟರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ‘ಯಾವ ಪಾರ್ಟ್ ಹೋಗೈತಿ?’ ಎಂಬುದು. ‘ಅದು ಹೋಗೈತಿ ಅಂತ ಹೆಂಗ ಗೊತ್ತಾತು?’ ಎಂದು ಕೇಳುವವರು ಕಡಿಮೆ. ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಓದು ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಈ ಎರಡನೇ ಪ್ರಶ್ನೆಯ ಬೆಲೆ ತಿಳಿಸಿದ್ದು ನಮ್ಮ ಕಾಕಾನ ಹಳೇ ಪೆಟ್ರೋಲ್ ಪಿಕಪ್.

ನಮ್ಮೂರು ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. ಕಾಕಾ ಸುತ್ತಲಿನ ಹೊಲಗಳಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಹೇರಿಕೊಂಡು ಒಮ್ಮೆ ಗಜೇಂದ್ರಗಡಕ್ಕೆ, ಒಮ್ಮೆ ಗದಗ ಎಪಿಎಂಸಿಗೆ ಹೋಗುತ್ತಾನೆ. ಮನೆ ನಡೆಯುವುದು, ಸಾಲದ ಕಂತು ಕಟ್ಟುವುದು ಆ ಬಾಡಿಗೆಯಿಂದಲೇ. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದ ಗಾಡಿ ಎರಡು ತಿಂಗಳಲ್ಲಿ 9ಕ್ಕೆ ಇಳಿಯಿತು. ದಿನಕ್ಕೆ 80 ಕಿ.ಮೀ. ಓಡಿದರೆ ಮೂರು ಲೀಟರಿಗೂ ಹೆಚ್ಚು ಪೆಟ್ರೋಲ್ ಸುಮ್ಮನೆ ಸುಟ್ಟಂತೆ. ಅಂದರೆ ದಿನಕ್ಕೆ ₹300ರ ಮೇಲೆ ನಷ್ಟ. ‘ಗಾಡಿ ನನಗ ದುಡಿಯೂದು ಬಿಟ್ಟು ಪಂಪಿನವರಿಗೆ ದುಡಿಯಾಕತ್ತೈತಿ’ ಎಂದು ಕಾಕಾ ಗೊಣಗುತ್ತಿದ್ದ. ಗಾಡಿ ಮಾರುವ ಮಾತೂ ಮನೆಯಲ್ಲಿ ಬಂದಿತ್ತು.

ಲಕ್ಷಣಗಳು ಸ್ಪಷ್ಟವಾಗಿದ್ದವು. ಸೈಲೆನ್ಸರ್ ತುದಿಯಲ್ಲಿ ಕಪ್ಪು ಮಸಿ, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ, ನಿಂತಾಗ ಎಂಜಿನ್ನಿನ ಅದುರು. ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿ ನೋಡಿದವರು, ‘ಆಕ್ಸಿಜನ್ ಸೆನ್ಸರ್ ರೀಡಿಂಗ್ ಅಲುಗಾಡವಲ್ದು, ಸೆನ್ಸರ್ ಸತ್ತೈತಿ’ ಎಂದು ಹೊಸದನ್ನು ಹಾಕಿದರು. ಏನೂ ಬದಲಾಗಲಿಲ್ಲ. ಮುಂದಿನ ಸಲಹೆ ನಾಲ್ಕೂ ಇಂಜೆಕ್ಟರ್ ಬದಲಿಸುವುದು. ಆ ಖರ್ಚಿನ ಮಾತು ಕೇಳಿ ಕಾಕಾ ಗಾಡಿಯನ್ನು ಮನೆಗೆ ತಂದು ನನ್ನ ಮುಂದೆ ನಿಲ್ಲಿಸಿದ.

ಇಲ್ಲಿ ಸ್ವಲ್ಪ ಪಾಠ ಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾದರೆ ಅದೇ ‘ರಿಚ್’. ಕಾರ್ಬ್ಯುರೇಟರ್ ಕಾಲದಲ್ಲಿ ಏರ್ ಫಿಲ್ಟರ್ ಕಟ್ಟಿದರೂ ಮಿಶ್ರಣ ರಿಚ್ ಆಗುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಹಾಗಲ್ಲ. ಫಿಲ್ಟರ್ ದಾಟಿ ಬಂದ ಗಾಳಿಯನ್ನು ಕಂಪ್ಯೂಟರ್, ಅಂದರೆ ಇಸಿಯು, ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಸಿಂಪಡಿಸುತ್ತದೆ. ಲೆಕ್ಕ ಸರಿಯಾಯಿತೇ ಎಂದು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ವರದಿ ಕೊಡುವುದು ಆಕ್ಸಿಜನ್ ಸೆನ್ಸರ್. ಬಾಷ್ ಕಂಪನಿ 1976ರಲ್ಲಿ ಇದನ್ನು ಮೊದಲಿಗೆ ವೋಲ್ವೊ ಕಾರುಗಳಿಗಾಗಿ ತಂದಿತು. ಇದರ ವೋಲ್ಟೇಜ್ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಆಡುತ್ತಿರಬೇಕು. 0.9ರ ಹತ್ತಿರವೇ ನಿಂತರೆ ಎರಡು ಅರ್ಥ: ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಮಿಶ್ರಣ ನಿಜಕ್ಕೂ ರಿಚ್ ಇದ್ದು ಸೆನ್ಸರ್ ಸತ್ಯವನ್ನೇ ಹೇಳುತ್ತಿರಬಹುದು. ಹೊಸ ಸೆನ್ಸರ್ ಕೂಡ 0.9ರಲ್ಲೇ ನಿಂತಿದ್ದರಿಂದ ಎರಡನೆಯದೇ ನಿಜ ಎನ್ನಿಸಿತು.

ನಾನು ಮೊದಲು ಬಿಚ್ಚಿದ್ದು ಸ್ಪಾರ್ಕ್ ಪ್ಲಗ್‌ಗಳನ್ನು. ನಾಲ್ಕಕ್ಕೂ ಒಂದೇ ಸಮನಾದ ಒಣ ಮಸಿ. ಒಂದು ಇಂಜೆಕ್ಟರ್ ಸೋರುತ್ತಿದ್ದರೆ ಒಂದು ಪ್ಲಗ್ ಮಾತ್ರ ಕಪ್ಪಾಗುತ್ತಿತ್ತು. ನಾಲ್ಕೂ ಇಂಜೆಕ್ಟರ್ ಒಟ್ಟಿಗೇ, ಒಂದೇ ಪ್ರಮಾಣದಲ್ಲಿ ಕೆಡುವುದು ಅಪರೂಪ. ಹಾಗಾದರೆ ತೊಂದರೆ ನಾಲ್ಕಕ್ಕೂ ಸಂಬಂಧಿಸಿದ ಕಡೆ ಇರಬೇಕು: ಪೆಟ್ರೋಲಿನ ಒತ್ತಡದಲ್ಲಿ, ಅಥವಾ ಇಸಿಯುಗೆ ಸಿಗುವ ಮಾಹಿತಿಯಲ್ಲಿ. ಮಾಹಿತಿ ಪರೀಕ್ಷಿಸಲು ದುಡ್ಡು ಬೇಕಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡಿದೆ.

ರಾತ್ರಿಯಿಡೀ ನಿಂತ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಹಾಕಿದೆ. ಒಳಬರುವ ಗಾಳಿಯ ತಾಪ 26 ಡಿಗ್ರಿ, ಎಂಜಿನ್ ನೀರಿನ ತಾಪ 16 ಡಿಗ್ರಿ ಎಂದು ತೋರಿಸಿತು. ರಾತ್ರಿಯಿಡೀ ಒಂದೇ ಅಂಗಳದಲ್ಲಿ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕಲ್ಲವೇ? ಅರ್ಧ ಗಂಟೆ ಓಡಿಸಿದ ಮೇಲೆ ರೇಡಿಯೇಟರಿನ ಮೇಲಿನ ಪೈಪ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಸ್ಕ್ಯಾನರಿನಲ್ಲಿ ನೀರಿನ ತಾಪ ಮಾತ್ರ 39 ಡಿಗ್ರಿ! ಚಳಿಗೆ ನಡುಗುವ ಎಂಜಿನ್‌ಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುವುದು ಸಹಜ. ಎಂಜಿನ್ ಬಿಸಿಯಾಗುವವರೆಗೆ ಆಕ್ಸಿಜನ್ ಸೆನ್ಸರಿನ ಮಾತನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದಕ್ಕೆ ‘ಓಪನ್ ಲೂಪ್’ ಎನ್ನುತ್ತಾರೆ. ಕಾಕಾನ ಗಾಡಿ ದಿನವಿಡೀ ಆ ಸ್ಥಿತಿಯಲ್ಲೇ ಓಡುತ್ತಿತ್ತು.

ಹಾಗಾದರೆ ತಾಪದ ಸೆನ್ಸರ್ ಬದಲಿಸೋಣವೇ? ಅದಕ್ಕೂ ಮೊದಲು ಅಳೆದು ನೋಡಿದೆ. ಈ ಸೆನ್ಸರಿನ ಗುಣ ತಿರುವುಮುರುವು: ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಬಹಳಷ್ಟು ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ಬಿಸಿ ಎಂಜಿನ್ನಿನಲ್ಲಿ ಕನೆಕ್ಟರ್ ಕಳಚಿ ಮಲ್ಟಿಮೀಟರ್ ಇಟ್ಟರೆ 280 ಓಮ್ ಬಂತು. ಸೆನ್ಸರ್ ಚೆನ್ನಾಗಿಯೇ ಇತ್ತು! ಕನೆಕ್ಟರ್ ತಿರುಗಿಸಿ ನೋಡಿದಾಗ ಒಳಗೆ ಹಸಿರು ಕಿಲುಬು. ಕಿಲುಬಿನ ಸುಮಾರು 900 ಓಮ್ ರೋಧ ಸೆನ್ಸರಿನ 280ಕ್ಕೆ ಕೂಡಿ, ಇಸಿಯುಗೆ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದು ಹೇಳುತ್ತಿತ್ತು.

‘ಚೆಕ್ ಎಂಜಿನ್’ ದೀಪ ಯಾಕೆ ಹತ್ತಲಿಲ್ಲ ಎಂದು ನೀವು ಕೇಳಬಹುದು. ವೈರ್ ಪೂರ್ತಿ ತುಂಡಾಗಿದ್ದರೆ ಹತ್ತುತ್ತಿತ್ತು. ಆದರೆ 39 ಡಿಗ್ರಿ ಎಂಬುದು ನಂಬಬಹುದಾದ ಸಂಖ್ಯೆ. ನಂಬುವಂಥ ಸುಳ್ಳನ್ನು ಆ ಹಳೇ ಇಸಿಯು ಅನುಮಾನಿಸಲಿಲ್ಲ. ಇನ್ನೊಂದು ಅಪಾಯವೂ ಇತ್ತು. ಈ ಗಾಡಿಯ ರೇಡಿಯೇಟರ್ ಫ್ಯಾನ್ ತಿರುಗುವುದೂ ಇದೇ ಸಂಖ್ಯೆ ನೋಡಿ. ‘ಇತ್ತಿತ್ಲಾಗ ಫ್ಯಾನಿನ ಸಪ್ಪಳನ ಇಲ್ಲ’ ಎಂದು ಕಾಕಾ ಆಮೇಲೆ ನೆನಪಿಸಿಕೊಂಡ. ಬೇಸಿಗೆಯಲ್ಲಿ ತುಂಬಿದ ಲೋಡಿನೊಂದಿಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದರೆ ಹೆಡ್ ಗ್ಯಾಸ್ಕೆಟ್ಟೇ ಸುಟ್ಟುಹೋಗಬಹುದಿತ್ತು.

ಬ್ಯಾಟರಿ ಟರ್ಮಿನಲ್ ಬಿಚ್ಚಿ, ಕಿಲುಬು ಹಿಡಿದ ಎರಡು ಪಿನ್ ಹಾಗೂ ಒಂದಿಷ್ಟು ವೈರ್ ಬದಲಿಸಿ, ನೀರು ಹೋಗದಂತೆ ಮುಚ್ಚಿದೆ. ಪ್ಲಗ್‌ಗಳನ್ನು ಸ್ವಚ್ಛ ಮಾಡಿದೆ. ಬಿಸಿಯಾದ ಎಂಜಿನ್ 87 ಡಿಗ್ರಿ ತೋರಿಸಿತು, ಆಕ್ಸಿಜನ್ ಸೆನ್ಸರ್ ಕುಣಿಯತೊಡಗಿತು, ಸ್ವಲ್ಪ ಹೊತ್ತಿಗೆ ಫ್ಯಾನೂ ತಿರುಗಿತು. ಖರ್ಚು ₹200 ದಾಟಲಿಲ್ಲ. ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಮೈಲೇಜ್ 13.5ಕ್ಕೆ ಬಂದಿತ್ತು. ಗಾಡಿ ಮಾರುವ ಮಾತು ಅಲ್ಲಿಗೆ ನಿಂತಿತು.

ಎಲ್ಲ ರಿಚ್ ಗಾಡಿಗಳ ಕಾರಣವೂ ಇದೇ ಎಂದಲ್ಲ. ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪಿನಲ್ಲಿ ಪೆಟ್ರೋಲ್ ಸಿಕ್ಕರೆ ಒಳಗಿನ ಪರದೆ ಹರಿದಿದೆ ಎಂದರ್ಥ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡರೆ ಎಂಜಿನ್ ನಿಜಕ್ಕೂ ತಣ್ಣಗೇ ಉಳಿಯುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪ್ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಇಸಿಯು ತಪ್ಪು ತಿಳಿಯುತ್ತದೆ. ಕಾರಣ ಯಾವುದೇ ಇರಲಿ, ಕ್ರಮ ಒಂದೇ: ಮೊದಲು ಕಣ್ಣು, ಮೂಗು, ಆಮೇಲೆ ಮೀಟರು, ಕೊನೆಗೆ ಪರ್ಸು.

ನನ್ನಂತೆ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಸ್ಕ್ಯಾನರ್ ಓದುವುದನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯಬಹುದು. ಅದು ತೋರಿಸಿದ ಸಂಖ್ಯೆ ನಿಜವೇ ಎಂದು ಇನ್ನೊಂದು ದಾರಿಯಲ್ಲಿ ಪರೀಕ್ಷಿಸಬಲ್ಲವರು ಕಡಿಮೆ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಮನೆಯ ಮುಂದೆ ನಿಂತ ಚೆನ್ನಾಗಿರುವ ಗಾಡಿಯ ಸೆನ್ಸರ್‌ಗಳನ್ನು ತಣ್ಣಗಿದ್ದಾಗ, ಬಿಸಿಯಾದಾಗ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರೋಗ್ಯವಂತ ಎಂಜಿನ್ನಿನ ಲೆಕ್ಕ ಗೊತ್ತಿದ್ದರೆ ಮಾತ್ರ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ನಾನು ಈಗ ಸಂದರ್ಶನಗಳಿಗೆ ಹೋಗುವಾಗ ಸರ್ಟಿಫಿಕೇಟ್ ಜೊತೆ ಆ ನೋಟ್‌ಬುಕ್ಕನ್ನೂ ಒಯ್ಯುತ್ತೇನೆ.